ಕೈಗುಣದ ಪಾಸ್‌ವರ್ಡ್

ಎರಡು ಸಾವಿರದ ಏಳನೇ ಇಸವಿ, ಜನವರಿಯ ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆ ಮೂವತ್ತೊಂದು ನಿಮಿಷಕ್ಕೆ ನಾನು ಆಲ್ದೂರು, ಮೂಡಿಗೆರೆ, ಜಾವಳಿ, ಕಳಸ, ಕೊಟ್ಟಿಗೆಹಾರ, ಬಾಳೆಹೊನ್ನೂರು, ಚಿಕ್ಕಮಗಳೂರು, ಈ ಏಳೂ ಕಡೆ ಒಟ್ಟಿಗೆ ಇದ್ದೆ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ದೇವರಿಗಾದರೂ ಪಲ್ಲಕ್ಕಿ ಬೇಕು, ನನಗೆ ಅದೂ ಬೇಕಾಗಲಿಲ್ಲ. ನಂಬದವರು ನಂಬಬೇಡಿ. ಮಂಜಿನಹಡ್ಲು ಕಾಫಿ ಕಂಪನಿಯ ಕಂಪ್ಯೂಟರಿನಲ್ಲಿ ದಾಖಲೆ ಇದೆ.

ನಾನು ಷಡಕ್ಷರಿ, ಆ ಕಂಪನಿಯ ಆಲ್ದೂರು ತೋಟದ ರೈಟರ್. ಹಾಜರಿ ಬರೆಯುವುದು ನೌಕರಿ. ಹೆಸರಾದದ್ದು ಮಾತ್ರ ಕೈಗುಣದಿಂದ. ನರ್ಸರಿಯಲ್ಲಿ ಬೀಜ ಹಾಕುವ ದಿನ ಮೊದಲ ಬೀಜ ನನ್ನ ಕೈಯಿಂದಲೇ ಬೀಳಬೇಕು. ಕೊಯ್ಲಿನ ಮೊದಲ ಹಣ್ಣು ನಾನೇ ಕೀಳಬೇಕು. ಹಣ್ಣಿನ ಸಿಪ್ಪೆ ಸುಲಿಯುವ ಹೊಸ ಪಲ್ಪರ್ ಬಂದರೆ ಅದರ ಸ್ವಿಚ್ಚಿಗೆ ನನ್ನ ಬೆರಳೇ ಆಗಬೇಕು. ಒಂದು ಮಳೆಗಾಲ ತೋಟದಲ್ಲಿ ಮರೆತುಬಂದಿದ್ದ ನನ್ನ ಕೊಡೆಯ ಮರದ ಹಿಡಿ ಚಿಗುರಿ, ಮೂರನೇ ವರ್ಷಕ್ಕೆ ಒಂದು ಬುಟ್ಟಿ ಹಣ್ಣು ಕೊಟ್ಟಿತ್ತು. ಹಣ್ಣು ಅರೇಬಿಕಾವೋ ರೋಬಸ್ಟಾವೋ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ.

ನಮ್ಮ ಕಂಪನಿಯಲ್ಲಿ ನಾಲ್ಕು ನೂರು ಜನ. ಯಾರು ಯಾರು, ಯಾರಿಗೆ ಯಾವ ಗೇಟು ತೆರೆಯಬೇಕು, ಯಾವ ಕಂಪ್ಯೂಟರು ಯಾರ ಮಾತು ಕೇಳಬೇಕು ಎಂಬುದನ್ನೆಲ್ಲ ನೆನಪಿಡಲು ಒಂದು ಸಿಸ್ಟಮ್ ತಂದಿದ್ದರು. ಕಾರ್ಡ್ ತೋರಿಸಿದರೆ ಗೇಟು ತೆರೆಯುತ್ತಿತ್ತು, ಪಾಸ್‌ವರ್ಡ್ ಹೊಡೆದರೆ ಕಂಪ್ಯೂಟರು. ಹೆಡ್ ಆಫೀಸಿನವರು ಅದನ್ನು ‘ಐಡೆಂಟಿಟಿ ಮ್ಯಾನೇಜ್‌ಮೆಂಟ್’ ಎನ್ನುತ್ತಿದ್ದರು. ಕಳಸದ ರೈಟರ್ ಭೂತಯ್ಯ ‘ಗುರ್ತಿನ ಮಿಷನ್’ ಎನ್ನುತ್ತಿದ್ದ. ಅದಕ್ಕೂ ಮುಂಚೆ ಗೇಟಿನ ಕಾವಲುಗಾರ ನಲವತ್ತು ವರ್ಷ ಮುಖ ನೋಡಿಯೇ ಜನರನ್ನು ಬಿಡುತ್ತಿದ್ದ. ಅವನಿಗೆ ಒಮ್ಮೆಯೂ ವರ್ಷನ್ ಬದಲಿಸುವ ಅಗತ್ಯ ಬಿದ್ದಿರಲಿಲ್ಲ.

ಮಿಷನ್ನಿಗೆ ಬಿತ್ತು. ನಾಲ್ಕನೇ ವರ್ಷನ್ ಹೋಗಿ ಐದನೆಯದು ಬರಬೇಕು. ಏಳು ಶಾಖೆಗಳ ಏಳು ರೈಟರುಗಳನ್ನು ಅಡ್ಮಿನಿಸ್ಟ್ರೇಟರ್ ಎಂದು ಹೆಸರಿಸಿ, ಮೂರು ದಿನದ ತರಬೇತಿಗೆ ಚಿಕ್ಕಮಗಳೂರಿಗೆ ಕರೆಸಿದರು. ಕಲಿಸಲು ಬಂದವರು ಸುಪ್ರಿಯಾ ಮೇಡಂ. ವಯಸ್ಸು ಇಪ್ಪತ್ತಾರು, ಒಂದೂವರೆ ವರ್ಷದಿಂದ ಗುತ್ತಿಗೆ ಮೇಲೆ ಕೆಲಸ. ಮೊದಲ ದಿನ ಕಾಫಿ ಕುಡಿಯುವಾಗಲೇ ಅವರು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು.

“ನೀವು ಏಳು ಜನ ಕಲಿತು, ಶನಿವಾರ ಏಳೂ ಕಡೆ ಅಪ್‌ಗ್ರೇಡ್ ಆದ್ರೆ ನನ್ನ ಕೆಲ್ಸ ಖಾಯಂ. ಆಗ್ಲಿಲ್ಲ ಅಂದ್ರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಬೇಕು. ಹೋದ ಕಂಪನೀಲೂ ಹಿಂಗೇ ಆಗಿತ್ತು. ದಯವಿಟ್ಟು ಗಮನ ಕೊಡಿ ಸಾರ್.”

“ಮೇಡಂ, ನಾನಿದ್ದೀನಿ,” ಎಂದೆ. ಆ ಮಾತಿಗೆ ಅವರ ಕಣ್ಣಲ್ಲಿ ಬೆಳಕು ಮೂಡಿ ಪಕ್ಕದ ಕೋಣೆಯ ಟ್ಯೂಬ್‌ಲೈಟು ಆರಿತು.

ಅವರು ಕಲಿಸಿದರು. ಮೊದಲು ಹಳೆಯದರ ನಕಲು ತೆಗೆದಿಡಬೇಕು. ಆಮೇಲೆ ಹೊಸದನ್ನು ಹಾಕಬೇಕು. ಆಮೇಲೆ ಒಬ್ಬೊಬ್ಬರ ಹೆಸರೂ ಸರಿಯಾಗಿ ಬಂದಿದೆಯೇ ನೋಡಬೇಕು. ಎಲ್ಲಕ್ಕಿಂತ ದೊಡ್ಡ ಸೂತ್ರ, ಒಬ್ಬರ ಗುರುತು ಒಬ್ಬರಿಗೇ. ಮೂರು ದಿನದಲ್ಲಿ ಅದನ್ನು ಮೂವತ್ತು ಸಲ ಹೇಳಿದರು. ಪ್ರತಿ ಸಲವೂ ಭೂತಯ್ಯ “ಸತ್ಯವಾದ ಮಾತು” ಎಂದು ತಲೆಯಾಡಿಸಿದ. ಕಡೆಯ ದಿನ ಒಬ್ಬೊಬ್ಬರಿಗೂ ಅವರವರ ಪಾಸ್‌ವರ್ಡ್ ಇರುವ ಅಂಟಿಸಿದ ಕವರ್ ಕೊಟ್ಟರು. ನಾನು ಹಿರಿಯನೆಂದು ನನಗೆ ಮಾತ್ರ ಮೊದಲ ದಿನವೇ ಕೊಟ್ಟಿದ್ದರು.

ಊಟದ ಹೊತ್ತಿಗೆ ಪರೀಕ್ಷೆ. ಏಳು ಕಂಪ್ಯೂಟರುಗಳಲ್ಲಿ ಏಳು ಜನ ಅಪ್‌ಗ್ರೇಡ್ ಮಾಡಿ ತೋರಿಸಬೇಕು. ಮೇಡಮ್ಮನ್ನು ಮೇಲಿನವರು ಕರೆದರು. ಅವರು ಆಚೆ ಹೋದದ್ದೇ ತಡ, ಮೂಡಿಗೆರೆಯ ಶಂಕರ ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಬಂದ.

“ಷಡಕ್ಷರಣ್ಣ, ನನ್ನ ಕೈ ಒಳ್ಳೇದಲ್ಲ. ಹೋದ ವರ್ಷ ನಾನು ಮುಹೂರ್ತ ಮಾಡಿದ ಪಂಪ್‌ಸೆಟ್ ಬಾವಿಗೇ ಬಿತ್ತು. ನಿಮ್ಮ ಕೈಯಿಂದ್ಲೇ ಆಗ್ಲಿ.”

“ನಂದೂ,” ಎಂದ ಭೂತಯ್ಯ. “ಏನ್ ಮಾರಾಯ, ಬೀಜಕ್ಕೆ ನೀನು ಬೇಕು, ಮಿಷನ್ನಿಗೆ ಬೇಡ್ವಾ?”

ಮೇಡಂ ವಾಪಸು ಬರುವಷ್ಟರಲ್ಲಿ ಏಳೂ ಪರದೆಗಳ ಮೇಲೆ ಹಸಿರು ಟಿಕ್ಕು ಬಂದಿತ್ತು. ಅವರು ನೋಡಿ, ಸಂತೋಷದಿಂದ ಏಳು ಜನ ತರಬೇತಿ ಹೊಂದಿದ್ದಾರೆಂದು ಬರೆದು ಸಹಿ ಹಾಕಿದರು. ಏಳನ್ನೂ ನಾನು ಎಷ್ಟು ಹೊತ್ತಿನಲ್ಲಿ ಮುಗಿಸಿದೆನೆಂದರೆ, ತಟ್ಟೆಯಲ್ಲಿದ್ದ ಹಪ್ಪಳ ಇನ್ನೂ ಚುಯ್ ಎನ್ನುತ್ತಿತ್ತು.

ಶನಿವಾರ ಬಂತು. ರಾಹುಕಾಲ ಒಂಬತ್ತರಿಂದ ಹತ್ತೂವರೆ. ಮೇಡಂ ಒಂಬತ್ತಕ್ಕೇ ಶುರು ಮಾಡಿ ಎಂದಿದ್ದರು. ಏಳು ಶಾಖೆಗಳಲ್ಲೂ, ಒಬ್ಬರನ್ನೊಬ್ಬರು ಕೇಳದೆಯೇ, ಒಂಬತ್ತಕ್ಕೆ ಕರೆಂಟ್ ಹೋಯಿತು. ಹತ್ತೂಕಾಲಿಗೆ ನನ್ನ ಫೋನ್ ಹೊಡೆದುಕೊಳ್ಳತೊಡಗಿತು.

“ಅಣ್ಣಾ, ನೀವು ಬಂದು ಶುರು ಮಾಡಿಕೊಟ್ಟಿದ್ರೆ…” ಶಂಕರ.

“ಆಲ್ದೂರಿಂದ ಮೂಡಿಗೆರೆಗೆ ಈಗೆಲ್ಲಿ ಬರ್ಲಿ ಮಾರಾಯ? ಕಳಸದೋನೂ ಕರೀತಿದಾನೆ, ಕೊಟ್ಟಿಗೆಹಾರದೋನೂ ಕರೀತಿದಾನೆ.”

ನನ್ನಂಥ ಮೆದುಳು ಸುಮ್ಮನಿರುತ್ತದೆಯೇ? ಕೈ ಹೋಗಲಾಗದಿದ್ದರೆ ಕೈಗುಣ ಹೋಗಲಿ. ನನ್ನ ಹೆಸರು, ನನ್ನ ಪಾಸ್‌ವರ್ಡ್ ಎರಡನ್ನೂ ಆರೂ ಜನರಿಗೆ ಫೋನಿನಲ್ಲೇ ಬರೆಸಿದೆ. ನನ್ನ ಹೆಸರಿನಲ್ಲಿ ಒಳಗೆ ಹೋದರೆ ನಾನೇ ಹೋದಂತೆ ತಾನೇ? ಜಾವಳಿಯ ಪ್ರೇಮಕುಮಾರಿ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಅವಳೊಬ್ಬಳು ತಕರಾರು ತೆಗೆದಳು.

“ಅಣ್ಣ, ಒಬ್ಬರ ಗುರುತು ಒಬ್ಬರಿಗೇ ಅಂದಿದ್ರಲ್ಲ ಮೇಡಂ.”

“ಪ್ರೇಮಾ, ಆರು ಜನ ಹಿರಿಯರು ಒಪ್ಪಿದಾರೆ. ನಿನ್ನೊಬ್ಬಳ ಕೈಯಿಂದ ಎಡವಟ್ಟಾದ್ರೆ?”

ಅವಳೂ ಬರೆದುಕೊಂಡಳು. ಹತ್ತು ಮೂವತ್ತೊಂದಕ್ಕೆ ಷಡಕ್ಷರಿಯೆಂಬ ನಾನು ಏಳು ಊರುಗಳಲ್ಲಿ ಒಟ್ಟಿಗೆ ಪ್ರತ್ಯಕ್ಷನಾದೆ.

ಹತ್ತು ಮೂವತ್ತೆರಡಕ್ಕೆ ಐದನೇ ವರ್ಷನ್ ನನ್ನನ್ನು ಕಳ್ಳನೆಂದು ತೀರ್ಮಾನಿಸಿತು. ಒಬ್ಬ ಮನುಷ್ಯ ಏಳು ಕಡೆ ಇರಲು ಸಾಧ್ಯವಿಲ್ಲವಂತೆ! ಅದಕ್ಕೇನು ಗೊತ್ತು ಮಲೆನಾಡಿನ ಮನುಷ್ಯರ ಮಹಿಮೆ? ಕೆಂಪು ಅಕ್ಷರದಲ್ಲಿ ನನ್ನ ಖಾತೆಗೆ ಬೀಗ ಬಿತ್ತು. ಅರ್ಧ ಹಳೆಯದು ಅರ್ಧ ಹೊಸದು ಆಗಿದ್ದ ಸಿಸ್ಟಮ್ ನಾಲ್ಕು ನೂರು ಜನರಲ್ಲಿ ಒಬ್ಬರನ್ನೂ ಗುರುತಿಸಲಿಲ್ಲ. ಕಾರ್ಡ್ ತೋರಿಸಿದರೆ ಗೇಟು ಮಿಸುಕದು. ಕೊಯ್ಲಿನ ಕಾಲ, ಪಲ್ಪಿಂಗ್ ಯಾರ್ಡಿನ ಹೊರಗೆ ಕಾಫಿಹಣ್ಣು ತುಂಬಿದ ಟ್ರ್ಯಾಕ್ಟರುಗಳು ಬಿಸಿಲಲ್ಲಿ ಸಾಲುಗಟ್ಟಿದವು. ಅವತ್ತವತ್ತಿನ ಹಣ್ಣು ಅವತ್ತೇ ಪಲ್ಪರ್‌ಗೆ ಬೀಳಬೇಕು, ಇಲ್ಲದಿದ್ದರೆ ಬಿಸಿಯೇರಿ ಹುಳಿ ವಾಸನೆ ಹೊಡೆಯುತ್ತದೆ. ಆಲ್ದೂರಿನ ಸಾಲು ಎಷ್ಟು ಉದ್ದವಾಯಿತೆಂದರೆ, ಅದರ ಬಾಲ ನೋಡಲು ಹೋದವನು ಬಾಬಾಬುಡನ್‌ಗಿರಿ ನೋಡಿಕೊಂಡು ಬಂದ.

ಹೆಡ್ ಆಫೀಸಿನಿಂದ ಮೇಡಂ ಅವರ ಫೋನ್. “ಸಾರ್, ನೀವು ಏಳು ಕಡೆ ಹೆಂಗಿದ್ದೀರಿ?”

“ಚೆನ್ನಾಗಿದ್ದೀನಿ ಮೇಡಂ,” ಎಂದೆ.

ಅವರಿಗೆ ಅರ್ಥವಾಯಿತು. ಬಯ್ಯಲಿಲ್ಲ, ಬಯ್ಯಲು ಪುರುಸೊತ್ತಿರಲಿಲ್ಲ. ಎಲ್ಲರನ್ನೂ ಒಂದೇ ಫೋನ್ ಸಾಲಿನಲ್ಲಿ ಕೂರಿಸಿ, “ನಿಮ್ಮ ನಿಮ್ಮ ಕವರ್ ಒಡೀರಿ, ನಿಮ್ಮ ಹೆಸರಲ್ಲೇ ಒಳಗೆ ಹೋಗಿ. ಯಾರಾದ್ರೂ ಒಬ್ಬರು ಒಳಗೆ ಹೋದ್ರೆ ಷಡಕ್ಷರಿಯವರ ಬೀಗ ತೆಗೀಬಹುದು,” ಎಂದರು.

“ಕವರ್ರಾ?” ಭೂತಯ್ಯನ ದನಿ. “ದೇವರ ಗೂಡಲ್ಲಿ ಇಟ್ಟಿದೀನಿ ಮೇಡಂ. ಕುಂಕುಮ ಹಚ್ಚಿ ಹೂ ಏರಿಸಿದೀನಿ.”

“ತೆಗೀರಿ ಬೇಗ!”

“ಶನಿವಾರ ಅಲ್ವಾ, ಸ್ನಾನ ಮಾಡದೆ ಗೂಡು ಮುಟ್ಟೋ ಹಂಗಿಲ್ಲ. ಹಂಡೆಗೆ ಬೆಂಕಿ ಹಾಕಿಸ್ತೀನಿ, ಅರ್ಧ ಗಂಟೆ ಕೊಡಿ.”

ಶಂಕರನ ಕವರ್ ತೋಟದ ತಿಜೋರಿಯಲ್ಲಿತ್ತು, ತಿಜೋರಿಯ ಕೀಲಿ ಮದುವೆಗೆ ಹೋಗಿದ್ದ ಮ್ಯಾನೇಜರ ಸೊಂಟದಲ್ಲಿತ್ತು. ಕೊಟ್ಟಿಗೆಹಾರದವನದು ಮಳೆಗಾಲದ ಕೋಟಿನ ಜೇಬಿನಲ್ಲಿ, ಕೋಟು ಅಗಸರ ಮನೆಯಲ್ಲಿ. ಹೀಗೆ ಎಲ್ಲರೂ ಅವರವರ ಗುರುತನ್ನು ಭದ್ರ ಮಾಡಿದ್ದರು, ತಮಗೂ ಸಿಗದಂತೆ. ಆಗ ಜಾವಳಿಯಿಂದ ಏನೋ ಟಕಟಕ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನನ್ನ ಬೀಗ ತೆರೆಯಿತು. ಸಂಜೆ ನಾಲ್ಕಕ್ಕೆ ಏಳೂ ಶಾಖೆಯಲ್ಲಿ ಐದನೇ ವರ್ಷನ್ ಕೂತಿತು, ಗೇಟುಗಳು ತೆರೆದವು, ಹಣ್ಣು ಉಳಿಯಿತು. ನನ್ನ ಕೈಗುಣ ಜಾವಳಿ ದಾರಿಯ ತಿರುವುಗಳಲ್ಲಿ ಕೊಂಚ ತಡವಾಗಿ ಮುಟ್ಟಿರಬೇಕೆಂದು ಆ ಸಂಜೆಯೇ ಆಲ್ದೂರು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ವಿವರಿಸಿದೆ.

ಸೋಮವಾರ ಹೆಡ್ ಆಫೀಸಿನಲ್ಲಿ ಸಭೆ. ಕಂಪನಿಯ ಜನರಲ್ ಮ್ಯಾನೇಜರ್ ಮಲ್ಲಿಕಾರ್ಜುನ ಅವರು ಎದುರಿಗೆ ಒಂದು ಪಟ್ಟಿ ಇಟ್ಟುಕೊಂಡು ಕೂತಿದ್ದರು. ನಾವು ಏಳು ಜನ ಒಂದು ಕಡೆ, ಸುಪ್ರಿಯಾ ಮೇಡಂ ಇನ್ನೊಂದು ಕಡೆ. ಅವರ ಖಾಯಂ ಆದೇಶ ಫೈಲಿನಲ್ಲಿ, ಸಹಿಯಿಲ್ಲದೆ.

“ಷಡಕ್ಷರಿಯವರೇ, ಏಳು ಕಡೇನೂ ನೀವೇ ಮಾಡಿದ್ರಿ ಅಂತ ಪೇಟೆಯೆಲ್ಲ ಸುದ್ದಿ.”

“ಹೌದು ಸಾರ್. ದೊಡ್ಡ ವಿಷಯವೇನಲ್ಲ.”

“ಹಂಗಾದ್ರೆ ಮಿಕ್ಕ ಆರು ಜನಕ್ಕೆ ಏನೂ ಬರಲ್ಲ ಅಂತಾಯ್ತು. ಅವರ ಪಾಸ್‌ವರ್ಡ್ ಶನಿವಾರದ ತನಕ ಯಾರೂ ಮುಟ್ಟೇ ಇಲ್ಲ ಅಂತ ಇಲ್ಲಿದೆ. ಆದ್ರೆ ಈಯಮ್ಮ ಏಳು ಜನಕ್ಕೂ ಕಲಿಸಿದೀನಿ ಅಂತ ಸಹಿ ಹಾಕಿದಾರೆ.” ಫೈಲ್ ಮುಚ್ಚಿದರು. “ಸುಳ್ಳು ಸಹಿ ಹಾಕೋರ ಕೈಲಿ ಕಂಪನಿ ಕೀಲಿ ಹೆಂಗೆ ಕೊಡ್ಲಿ?”

ಮೇಡಂ ನಮ್ಮ ಏಳೂ ಜನರ ಮರ್ಯಾದೆ ತೆಗೆಯಬಹುದಿತ್ತು. ಸುಮ್ಮನೆ ಚೀಲದ ಜಿಪ್ ಎಳೆದರು.

ನನಗೆ ಆ ಜಿಪ್ಪಿನ ಸದ್ದು ಸೇರಲಿಲ್ಲ.

“ಸಾರ್, ಅವರು ಕಲಿಸಿದಾರೆ. ಕಲೀದೇ ಇದ್ದೋರು ನಾವು,” ಎಂದು ಎದ್ದು ನಿಂತೆ. “ಪರೀಕ್ಷೆ ದಿನ ಇವರು ಆಚೆ ಹೋದಾಗ ಏಳು ಕಂಪ್ಯೂಟರೂ ನಾನೇ ಮಾಡಿದೆ. ಶನಿವಾರ ನನ್ನ ಪಾಸ್‌ವರ್ಡ್ ಹಂಚಿದ್ದೂ ನಾನೇ. ಇವರದೇನೂ ತಪ್ಪಿಲ್ಲ.”

“ಏಳೂ ನೀವೇ?” ಮಲ್ಲಿಕಾರ್ಜುನ ಅವರು ತಮ್ಮ ಮೇಜಿನ ಕೀಬೋರ್ಡನ್ನು ನನ್ನ ಕಡೆ ತಿರುಗಿಸಿದರು. “ಅಂದ್ರೆ ನಿಮಗೊಬ್ಬರಿಗಾದ್ರೂ ಚೆನ್ನಾಗಿ ಕಲಿಸಿದಾರೆ ಅಂತಾಯ್ತು. ಹಳೇದರ ನಕಲು ತೆಗೆಯೋದು ಹೆಂಗೆ, ಒಂದ್ಸಲ ತೋರ್ಸಿ.”

ಮೌಸ್ ಮೇಲೆ ಕೈ ಇಟ್ಟೆ. ಬಾಣ ಪರದೆಯ ಒಂದು ಮೂಲೆಗೆ ಹೋಯಿತು, ಇನ್ನೊಂದು ಮೂಲೆಗೆ ಬಂತು. ಭೂತಯ್ಯ ಸೂರು ನೋಡುತ್ತಿದ್ದ. ನಾನು ಮೌಸನ್ನು ಮೇಜಿನ ತುದಿಯವರೆಗೂ ಒಯ್ದೆ, ಮುಂದೆ ಮೇಜು ಮುಗಿದಿತ್ತು.

“ಮುಟ್ಟಿಕೊಡೋದು ಮಾತ್ರ ನಾನು ಸಾರ್,” ಎಂದೆ. “ನಾನು ಮೌಸ್ ಮುಟ್ಟಿ ಸರೀತಿದ್ದೆ. ಏಳು ಕಂಪ್ಯೂಟರೂ ಮಾಡಿದ್ದು ಪ್ರೇಮಕುಮಾರಿ. ನಂದೂ ಅವಳೇ ಮಾಡಿದ್ದು. ಶನಿವಾರ ಬೀಗ ತೆಗೆದಿದ್ದೂ ಅವಳೇ. ಹಿರಿಯರ ಮುಂದೆ ಆ ಹುಡುಗಿ ಹೆಂಗೆ ಬಾಯಿ ಬಿಡ್ತಾಳೆ?”

ಪಟ್ಟಿಯಲ್ಲಿ ಬೆರಳಾಡಿಸಿದ ಮಲ್ಲಿಕಾರ್ಜುನ ಅವರು ಒಂದು ಸಾಲಿನ ಮೇಲೆ ನಿಂತರು. “ಜಾವಳಿ, ಮಧ್ಯಾಹ್ನ ಹನ್ನೆರಡು ಹತ್ತು. ಹೌದು, ಇವರದೇ ಹೆಸರಿದೆ.” ಪ್ರೇಮಕುಮಾರಿಯನ್ನು ನೋಡಿದರು. “ಇದೆಲ್ಲ ಎಲ್ಲಿ ಕಲಿತ್ರಿ ಅಮ್ಮಾ?”

“ಮೇಡಂ ಹತ್ರ. ಮೂರು ದಿನ ಹೇಳಿಕೊಟ್ರಲ್ಲ ಸಾರ್,” ಎಂದಳು ಅವಳು, ಇದನ್ನೂ ಕೇಳುತ್ತಾರಲ್ಲ ಎನ್ನುವಂತೆ.

ಅವರು ಫೈಲ್ ಮತ್ತೆ ತೆರೆದು ಸಹಿ ಹಾಕಿದರು. “ಮೇಡಂ, ನಿಮ್ಮ ಕೆಲ್ಸ ಖಾಯಂ. ಮೊದಲನೇ ಕೆಲ್ಸ, ಈ ಆರು ಜನಕ್ಕೆ ಮತ್ತೆ ತರಬೇತಿ. ಪರೀಕ್ಷೆ ಮುಗಿಯೋ ತನಕ ಆಚೆ ಹೋಗ್ಬೇಡಿ.” ಆಮೇಲೆ ನನ್ನ ಕಡೆ ತಿರುಗಿದರು. “ಷಡಕ್ಷರಿಯವರೇ, ಈಗಲಾದ್ರೂ ಸತ್ಯ ಹೇಳಿ. ಈ ಕಂಪ್ಯೂಟರಲ್ಲಿ ನಿಮಗೆ ಏನು ಬರುತ್ತೆ?”

“ಆನ್ ಮಾಡೋಕೆ ಬರುತ್ತೆ ಸಾರ್.”

ಪ್ರೇಮಕುಮಾರಿ ಮೆಲ್ಲಗೆ ಕೆಮ್ಮಿದಳು.

“ಅದೂ,” ಎಂದೆ, “ಬಟನ್ ದೊಡ್ಡದಾಗಿದ್ರೆ.”