ಹದಿಮೂರು ಬನ್ಸ್ ತಿಂದವರು ಯಾರು?

1

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮಣಿಪಾಲದ ಎಂಡ್‌ಪಾಯಿಂಟಿನಲ್ಲಿ ಸೂರ್ಯನನ್ನು ಮುಳುಗಿಸಿ ಶುರು ಮಾಡಬಹುದಿತ್ತು. ಮಾಡಿಯೂ ಇದ್ದೆ. ಆಮೇಲೆ ಅಳಿಸಿದೆ. ಶಶಿಕಲಾ ಸೂರ್ಯನ ಕಡೆ ನೋಡುವವಳೇ ಅಲ್ಲ, ಅವಳ ಕಣ್ಣೆಲ್ಲ ಮೂವರ ಕೈ ಮೇಲೆ.

1 (ಮತ್ತೊಮ್ಮೆ)

ಶಶಿಕಲಾ ಬಾಗಲಕೋಟೆಯವಳು. ಮಣಿಪಾಲದ ಒಂದು ಸಾಫ್ಟ್‌ವೇರ್ ಕಂಪನಿಗೆ ಮೂವರ ತಂಡದ ಸ್ಕ್ರಮ್ ಮಾಸ್ಟರ್ ಆಗಿ ಬಂದಿದ್ದಾಳೆ. ಅಂದರೆ ಕೆಲಸ ಮಾಡುವವಳಲ್ಲ, ಕೆಲಸ ಎಲ್ಲಿಗೆ ಬಂತು ಎಂದು ಕೇಳುವವಳು. (ನಗಬೇಡಿ. ವಿಮರ್ಶಕರೂ ಹೀಗೆಯೇ ಹೊಟ್ಟೆ ಹೊರೆಯುತ್ತಾರೆ.) ಇನ್ನೂ ಪ್ರೊಬೇಶನ್. ತಂಡ ಒಪ್ಪಿಕೊಂಡ ಕೆಲಸ ಹೇಳಿದ ಹೊತ್ತಿಗೆ ಮುಗಿದರೆ ಅವಳು ಖಾಯಂ, ಇಲ್ಲದಿದ್ದರೆ ಗಂಟುಮೂಟೆ.

ಎರಡು ವಾರಕ್ಕೊಮ್ಮೆ ಅಂದಾಜಿನ ಸಭೆ. ಎದುರಿಗಿರುವ ಕೆಲಸ ಎಷ್ಟು ದೊಡ್ಡದು ಎಂಬುದಕ್ಕೆ ಒಬ್ಬೊಬ್ಬರೂ ಗುಟ್ಟಾಗಿ ಒಂದು ಅಂಕಿ (ಅವರ ಭಾಷೆಯಲ್ಲಿ ಪಾಯಿಂಟು) ಆರಿಸಿ, ಎಲ್ಲರೂ ಒಟ್ಟಿಗೇ ಆ ಅಂಕಿಯ ಕಾರ್ಡು ಎತ್ತಬೇಕು. ಅಂಕಿ ದೊಡ್ಡದಾದಷ್ಟೂ ಸಿಗುವ ಸಮಯ ಹೆಚ್ಚು. ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸಬಾರದು ಎಂಬುದೇ ಈ ಆಟದ ನ್ಯಾಯ. ಇಲ್ಲಿ ಮಾತ್ರ ಪ್ರತಿಸಲವೂ ಮೂವರ ಕೈಯಲ್ಲಿ ಒಂದೇ ಅಂಕಿ.

"ಮೂರು ಮಂದಿ ಒಂದ ಹೋಟೆಲ್‌ನಾಗ ಒಂದ ತಿಂಡಿ ಹೇಳಂಗಿಲ್ಲ. ಇವ್ರು ಒಂದ ಕಾರ್ಡ್ ಹ್ಯಾಂಗ ಎತ್ತತಾರ?" ಎಂದು ಅವಳು ನನ್ನನ್ನೇ ಕೇಳಿದಳು. ಅವಳು ಬಾಗಿಲು ತೆರೆದರೆ ಒಳಗಿನ ತುಳು ಮಾತು ನಿಲ್ಲುತ್ತಿತ್ತು, ಮುಚ್ಚಿದರೆ ನಗು ಕೇಳುತ್ತಿತ್ತು. ತನ್ನನ್ನು ಓಡಿಸಲಿಕ್ಕೇ ಏನೋ ಸಂಚು ಹೂಡಿದ್ದಾರೆ ಎಂದು ಅವಳಿಗೆ ಅನುಮಾನ.

2

ಗುಟ್ಟು ಮೂವರಲ್ಲಿ ಒಬ್ಬನಾದ ಸುಕೇಶನ ಬಾಯಲ್ಲಿತ್ತು. ಕಾರ್ಡು ಎತ್ತುವ ಮುಂಚೆ ಅವನು ಮೊಬೈಲು ನೋಡುತ್ತ, "ಸಂಜೆಗೆ ಬನ್ಸ್ ಎಷ್ಟು ಹೇಳ್ಲಿ, ಎಂಟು ಸಾಕಾ?" ಎನ್ನುತ್ತಿದ್ದ. ಮೂರೂ ಕಾರ್ಡು ಎಂಟು. "ಐದು ಸಾಕಲ್ವಾ?" ಎಂದರೆ ಐದು. ಒಂದು ದಿನ "ಹದಿಮೂರು ಹೇಳ್ತೇನೆ" ಎಂದ. ಮೂವರಿಗೆ ಹದಿಮೂರು ಬನ್ಸ್! ಸಂಜೆ ಬಂದದ್ದು ಬರೀ ಚಹಾ.

(ನಿಮಗೆ ಆಗಲೇ ಗೊತ್ತಾಗಿತ್ತು, ಅಲ್ವಾ? ಶಶಿಕಲಾಗೆ ತಡವಾಯಿತು. ಅವಳು ಮೈದಾ ತಿನ್ನುವುದಿಲ್ಲ, ಹಾಗಾಗಿ ಅಲ್ಲಿಯವರೆಗೆ ಬನ್ಸ್ ಬಂತೋ ಇಲ್ಲವೋ ನೋಡಿರಲಿಲ್ಲ.)

ಇಲ್ಲಿ ಒಂದು ಭರ್ಜರಿ ಜಗಳದ ದೃಶ್ಯ ಬರೆದಿದ್ದೆ. ಅವಳು ಒಪ್ಪಲಿಲ್ಲ. "ನಾ ಏನ್ ಪೊಲೀಸ್ ಏನ್ರಿ? ಒಬ್ಬೊಬ್ಬರನ್ನ ಕರದು ಕೇಳ್ತೀನಿ. ನೀವು ಆ ಕಡೆ ಸರೀರಿ."

ಸರಿದೆ. (ಸಂಪಾದಕರಿಗೆ ಈ ಕಥೆ ಮೂರು ಪಾಯಿಂಟಿನದು ಎಂದು ಮಾತು ಕೊಟ್ಟಿದ್ದೆ. ಈಗಾಗಲೇ ಎಂಟಾಗಿದೆ.)

3

ವಾಸು ತಂಡದಲ್ಲಿ ಹಿರಿಯ, ದಿನಾ ಕಾರ್ಕಳದಿಂದ ಬಸ್ಸಿನಲ್ಲಿ ಬರುವವನು. ಅವನು ದನಿ ತಗ್ಗಿಸಿದ: "ಡುಲ್ಸಿನ್‌ಗೋಸ್ಕರ ಮೇಡಂ. ಮಗು ಸಣ್ಣದು, ನಾಲ್ಕಕ್ಕೇ ಹೊರಡ್ತಾಳೆ. ಅಂಕಿ ದೊಡ್ಡದಿದ್ರೆ ಅವಳು ಮಾಡಿದ್ದು ಕಡಿಮೆ ಕಾಣುವುದಿಲ್ಲ. ಅವಳಿಗೋಸ್ಕರ ಅಂತ ಅವಳಿಗೆ ಗೊತ್ತಿಲ್ಲ, ಹೇಳ್ಬೇಡಿ."

ಉದ್ಯಾವರದ ಡುಲ್ಸಿನ್ ಎದೆ ಮುಟ್ಟಿಕೊಂಡು ಹೇಳಿದಳು: "ವಾಸಣ್ಣನಿಗೋಸ್ಕರ, ಮತ್ತೆಂತ? ಹೊಸ ಟೂಲ್ ಬಂದ ಮೇಲೆ ಅವರಿಗೆ ಕಷ್ಟ ಆಗ್ತಾ ಉಂಟು. ದೇವರಾಣೆ ಅವರಿಗೆ ಹೇಳ್ಬೇಡಿ."

ಸುಕೇಶ ತಲೆ ಕೆರೆದುಕೊಂಡ. "ಅವರಿಬ್ಬರಿಗೆ ಹಾಗೆ ಹೇಳಿದ್ದು ನಾನೇ. ನಿಜ ಹೇಳ್ಬೇಕಾದ್ರೆ ನಿಮಗೋಸ್ಕರ ಮೇಡಂ. ನಿಮ್ಮ ಜಾಗದಲ್ಲಿ ಮೊದಲು ಇದ್ದವರು ಟಾರ್ಗೆಟ್ ತಪ್ಪಿ ಕೆಲಸ ಕಳಕೊಂಡದ್ದು ಮಾರಾಯ್ರೆ. ಐದರ ಕೆಲಸಕ್ಕೆ ಎಂಟು ಅಂತ ಹಾಕಿದ್ರೆ ನೀವು ಉಳಿಯುತ್ತೀರಿ."

ಇಂಥ ಕಡೆ ನಾಯಕಿಯ ಕಣ್ಣಲ್ಲಿ ನೀರು ಬರಬೇಕು. ಶಶಿಕಲಾಗೆ ಮೈಯೆಲ್ಲ ಉರಿಯಿತು.

"ಹಂಗಾರ ನಾ ಖರೇನ ಈ ಕೆಲಸಕ್ಕ ಲಾಯಕ್ಕೋ ಇಲ್ಲೋ, ನಿನಗೂ ಗೊತ್ತಿಲ್ಲ, ನನಗೂ ಗೊತ್ತಾಗಂಗಿಲ್ಲ?"

"ಗೊತ್ತಾಗುವುದು ಎಂತಕ್ಕೆ ಮೇಡಂ? ಕೆಲಸ ಉಂಟಲ್ಲ."

(ನನಗೆ ಸುಕೇಶನ ಮೇಲೂ ಸಂಶಯ. ಟಾರ್ಗೆಟ್ ಮುಟ್ಟಿದರೆ ಅವನಿಗೇ ಪ್ರಮೋಶನ್ ಎಂದು ಕೇಳಿದ್ದೇನೆ. ಅವನನ್ನು ಸೃಷ್ಟಿಸಿದ್ದು ನಾನೇ, ಆದರೂ ಕೇಳಿದರೆ ಹಲ್ಲು ಕಿರಿಯುತ್ತಾನೆ.)

4

ಅಂತ್ಯ ಅ: ಎಲ್ಲರೂ ಮಲ್ಪೆ ಬೀಚಿಗೆ ಹೋಗಿ ಐಸ್‌ಕ್ರೀಮ್ ತಿಂದು ಒಂದಾಗುತ್ತಾರೆ.

ಅಂತ್ಯ ಆ: ಅವಳು ಕಂಡೂ ಕಾಣದ ಹಾಗಿದ್ದು ಖಾಯಂ ಆಗುತ್ತಾಳೆ.

"ಎರಡರಾಗೂ ನನ್ನ ಬಾಯಿಗೆ ಬೀಗ ಹಾಕೀರಿ," ಎಂದಳು ಶಶಿಕಲಾ. "ಒಂದ ಸಲ ಖರೇ ಮಾತು ಆಡಾಕ ಬಿಡ್ರಿ. ಕೆಲಸ ಹೋದ್ರ ಹೋಗಲಿ."

ಬಿಟ್ಟೆ.

5

ಪುಣೆಯ ಹೆಡ್ ಆಫೀಸಿನ ಮೋಕ್ಷಾ ವಿಡಿಯೋದಲ್ಲಿ ಬಂದಳು. ಮೂಲತಃ ಕಾಪುವಿನವಳು, ಹಿಂದೆ ಇದೇ ತಂಡದಲ್ಲಿದ್ದವಳು. ಶಶಿಕಲಾಳನ್ನು ಉಳಿಸುವುದೂ ಕಳಿಸುವುದೂ ಇವಳ ಕೈಯಲ್ಲಿದೆ. ಗಾಜಿನ ಬಾಗಿಲಾಚೆ ಮೂವರೂ ನಿಂತಿದ್ದರು.

"ಮೇಡಂ, ನಮ್ಮ ಅಂಕಿ ಸುಳ್ಳು. ಐದಕ್ಕ ಎಂಟು ಅಂದೀವಿ, ಎಂಟಕ್ಕ ಹದಿಮೂರು."

ಮೋಕ್ಷಾ ಹುಬ್ಬು ಕೂಡ ಏರಿಸಲಿಲ್ಲ. "ಗೊತ್ತುಂಟು. ನಾನೂ ಆ ಟೇಬಲಲ್ಲಿ ಕೂತವಳೇ. ನೀವು ಎಷ್ಟು ಹೇಳಿದ್ರೂ ನಾವಿಲ್ಲಿ ಅರ್ಧ ಕಳೆದೇ ಲೆಕ್ಕ ಹಿಡಿಯುವುದು."

"ನೀವು ಕಳೀತೀರಿ ಅಂತನ ಅವ್ರು ಹೆಚ್ಚಿಗಿ ಹೇಳ್ತಾರ್ರಿ."

"ಅವರು ಹೆಚ್ಚು ಹೇಳ್ತಾರೆ ಅಂತಲೇ ನಾವು ಕಳೆಯುವುದು."

"ಆದ್ರ ಈಗ ನಾ ಹೇಳಿದ್ದು ಖರೇ ಐತ್ರಿ."

"ಅದರಲ್ಲೂ ಅರ್ಧ ಕಳೆದೆ." ಮೋಕ್ಷಾ ನಕ್ಕಳು. "ಕನ್ಫರ್ಮೇಶನ್ ಹತ್ತಿರ ಬಂದಾಗ ಕೆಲವರು ಇದ್ದಕ್ಕಿದ್ದ ಹಾಗೆ ಪ್ರಾಮಾಣಿಕರಾಗ್ತಾರೆ. ನೋಡುವಾ." ಪರದೆ ಕಪ್ಪಾಯಿತು.

6 (ಇದರಲ್ಲೂ ಅರ್ಧ ಕಳೆದುಕೊಳ್ಳಿ)

ಅವಳು ಉಳಿದಳೋ ಹೋದಳೋ? ಉಳಿದಳು ಎಂದರೆ ನಾನು ನಿಮ್ಮನ್ನು ಸಮಾಧಾನಪಡಿಸುತ್ತಿದ್ದೇನೆ ಎನ್ನುತ್ತೀರಿ. ಹೋದಳು ಎಂದರೆ ಅಳಿಸಲು ನೋಡುತ್ತಿದ್ದೇನೆ ಎನ್ನುತ್ತೀರಿ. ಮುಗಿಯಿತು ಎಂದು ಬರೆಯಲು ನನಗೆ ಧೈರ್ಯವಿಲ್ಲ.

ಶಶಿಕಲಾ ಬಾಗಿಲು ತೆಗೆದು ಹೊರಬಂದಳು. ಬಹಳ ದಿನಗಳ ನಂತರ ಅವಳ ಎದೆ ಹಗುರಾಗಿತ್ತು.

"ಎಂತ ಆಯ್ತು ಮೇಡಂ?" ಎಂದ ಸುಕೇಶ.

"ಇದ್ದದ್ದು ಇದ್ದಂಗ ಹೇಳೀನಿ."

ವಾಸು ಒಂದು ಹೆಜ್ಜೆ ಮುಂದೆ ಬಂದು, ಬಹಳ ಮರ್ಯಾದೆಯಿಂದ ಕೇಳಿದ:

"ತಪ್ಪು ನಮ್ಮಲ್ಲಿ ಯಾರ ಹೆಸರಿಗೆ ಹಾಕಿ ಬಂದಿರಿ, ಮೇಡಂ?"