ಬೀಗರ ಕಿವಿಗೊಂದು ತಾಮ್ರದ ಸುರುಳಿ

ನಮ್ಮ ಬೀಗರು, ಅಂದ್ರೆ ಸೊಸೆ ಅಪ್ಪ, ದ್ವೀಪದಲ್ಲಿ ದೀಪಸ್ತಂಭ ಕಾಯೋರು. ಮೂಗು ಎಷ್ಟುದ್ದ ಅಂದ್ರೆ, ಹಡಗಿನೋರು ದೀಪ ಬಿಟ್ಟು ಅದನ್ನೇ ನೋಡ್ಕೊಂಡು ದಾರಿ ಹಿಡೀತಾರೆ. ಅಪ್ಪ ಮಗಳು ಇಬ್ಬರಿಗೂ ರೇಡಿಯೋ ಹುಚ್ಚು. ಹಾಡು ಕೇಳೋ ರೇಡಿಯೋ ಅಲ್ಲ. ಮನೇಲಿ ಕೂತು ಆಕಾಶಕ್ಕೆ ಮಾತು ಎಸೆಯೋದು.

ಈಗ ಬೀಗರ ಕಿವಿ ಮಂದ ಆಗ್ತಿದೆ. ಮಾತಿನ ಬದಲು ಕಳಿಸೋ ಕುಯ್ ಕುಯ್ ಅನ್ನೋ ಸಂಕೇತ ಹೇಗೋ ತಿಳಿಯುತ್ತೆ, ಮಗಳ ದನಿ ಮಾತ್ರ ಗೊರಗೊರ ಸದ್ದಲ್ಲಿ ಮುಳುಗೋಗುತ್ತೆ. ಪೂರ್ತಿ ಕೇಳಿಸದೇ ಹೋಗೋಕೆ ಇನ್ನು ಹೆಚ್ಚು ದಿನ ಇಲ್ಲ ಅಂದಿದಾರೆ ಡಾಕ್ಟ್ರು. ಅಷ್ಟರೊಳಗೆ ಒಂದ್ಸಲ ನನ್ನ ದನಿ ಅಪ್ಪಂಗೆ ಮುಟ್ಟಬೇಕು ಅಂತ ಸೊಸೆ ದನಿ ಜೋರು ಮಾಡಿ ಕಳಿಸೋ ಆಂಪ್ಲಿಫೈಯರ್ ಕಟ್ಟೋಕೆ ಕೂತ್ಲು. ಅದರ ಜೀವ ಎಲ್ಲಾ ಕಾಯಿಲ್‌ನಲ್ಲಂತೆ, ಅಂದ್ರೆ ತಂತಿ ಸುತ್ತಿದ ಸುರುಳೀಲಿ.

ನನ್ನ ಮಗ ಬಡಗಿ. ಅದನ್ನ ಕೂರ್ಸೋಕೆ ಅಂತ ಮುಂಚೇನೇ ಪುಟಾಣಿ ಪೆಟ್ಟಿಗೆ ಮಾಡಿ ಪಾಲಿಶ್ ಹೊಡ್ದಿದ್ದ.

"ಕಬ್ಬಿಣದ ಪುಡಿ ಒತ್ತಿ ಮಾಡಿದ ಈ ಉಂಗುರಕ್ಕೇ ತಂತಿ ಸುತ್ತೇ. ಬಳೆಯಷ್ಟು ಜಾಗ ಸಾಕು" ಅಂದ.

"ಅಷ್ಟು ಜೋರು ಕರೆಂಟ್ ಕೊಟ್ರೆ ಉಂಗುರ ಕಾದು ಸೀದುಹೋಗುತ್ತೆ ರೀ. ತಾಮ್ರದ ಕೊಳವೆ ಸುತ್ತೋಣ, ಒಳಗೆ ಬರೀ ಗಾಳಿ."

"ಕುಂಬಳಕಾಯಿ ಗಾತ್ರ ಆಗುತ್ತಲ್ಲೇ! ನನ್ನ ಪೆಟ್ಟಿಗೆ?"

"ನಿನ್ನ ಪೆಟ್ಟಿಗೇಲಿ ನೀನೇ ಮಲ್ಕೋ" ಅಂದೆ ನಾನು.

ಗಂಡನ ಮುಖ ನೋಡಿ ಅವಳು ಉಂಗುರವನ್ನೇ ಒಪ್ಕೊಂಡ್ಲು. ಭಾನುವಾರ ಬೆಳಿಗ್ಗೆ ಮೈಕಿನಲ್ಲಿ "ಅಪ್ಪಾ" ಅಂದ್ಲು. ಆಮೇಲೆ ಉಂಗುರ ಸೀದು ಮನೆಯೆಲ್ಲಾ ವಾಸನೆ. ಆ ಕಡೆಯಿಂದ ಕುಯ್ ಕುಯ್ ಬಂತು. "ಬರೀ ಗಾಳಿ ಕೇಳಿಸ್ತಂತೆ" ಅಂದ್ಲು. ಮುಖ ಕಡ್ಲೆಕಾಳಷ್ಟಾಗಿತ್ತು. ಮಗ ಉಳಿ ತಗೊಂಡು ಪೆಟ್ಟಿಗೆಯ ಒಂದು ಮಗ್ಗುಲೇ ಕಿತ್ತು ಹಾಕ್ದ.

ತಾಮ್ರದ ಕೊಳವೆ ಸುಮ್ನೆ ಬಗ್ಗಿಸಿದ್ರೆ ಚಪ್ಪಟೆ ಆಗುತ್ತೆ. ಅದಕ್ಕೆ ನುಣುಪು ಮರಳು ತುಂಬಿ, ಬಾಯಿ ಮುಚ್ಚಿ, ದಪ್ಪ ಬಾಟಲಿಗೆ ಸುತ್ತಿದ್ರು. ಒಂದು ತುದಿ ಹಿಡಿಯೋ ಕೆಲಸ ನಂದು. ಸುತ್ತಿದ ಹಾಗೆಲ್ಲಾ ಬಿಸಿಲು ಅದರ ಮೇಲೆ ಜಾರ್ತಾ ಜಾರ್ತಾ ಹೋಯ್ತು. ಬಾಟಲಿ ತೆಗೆದ ಮೇಲೆ ಒಳಗೆ ಕಣ್ಣಿಟ್ಟೆ. ಸುಳ್ಳಲ್ಲ, ಆ ಕೊನೇಲಿ ಸಮುದ್ರ ಇತ್ತು! ಅಲೆ ಸದ್ದಿಲ್ದೆ ಏಳ್ತಾ ಬೀಳ್ತಾ ಇತ್ತು, ನಾನು ಹತ್ತಿಯಷ್ಟು ಹಗುರಾಗಿ ಸುರುಳಿ ಸುರುಳಿಯಾಗಿ ಅತ್ಲಾಗೆ ತೇಲ್ತಾ ಇದ್ದೆ.

"ಅತ್ತೆ, ನಿದ್ದೆ ಮಾಡಿದ್ರಾ?"

"ನಿಮ್ಮಪ್ಪನ ಮೂಗು ಕಾಣ್ತಿದೆಯಾ ನೋಡ್ತಿದ್ದೆ ಕಣೇ."

ಮಗ್ಗುಲು ಕಿತ್ತ ಪೆಟ್ಟಿಗೇಲಿ ಕಾಯಿಲ್ ಹಾಯಾಗಿ ಕೂತ್ಕೊಂತು. ಆಂಪ್ಲಿಫೈಯರಿನ ಗಾಜಿನ ವಾಲ್ವು ಮೆಲ್ಲಗೆ ಕೆಂಪಾಯ್ತು. ಅವಳು ಗುಂಡಿ ತಿರುಗಿಸಿ ತಿರುಗಿಸಿ ಮೀಟರಿನ ಮುಳ್ಳು ಏರಿಸಿದ್ಲು. ಯಾವುದೂ ಸೀಯಲಿಲ್ಲ.

"ಅಪ್ಪಾ, ನಾನು."

ಗೊರಗೊರ ಸದ್ದು ಬಿಟ್ರೆ ಏನೂ ಇಲ್ಲ. ಆಮೇಲೆ ಬಂತು ನೋಡಿ, ಕುಯ್ ಕುಯ್ ಅಲ್ಲ, ಬೀಗರದ್ದೇ ಒರಟು ಗಂಟಲು:

"ಯಾಕೆ ಹಾಗೆ ಅರಚ್ತೀಯೇ? ನಾನೇನು ಕಿವುಡನಾ?"

ಸೊಸೆ ನಕ್ಕಳೋ ಅತ್ತಳೋ, ಮೈಕೆಲ್ಲಾ ಒದ್ದೆ. "ಏನು ಹೇಳ್ಲಿ ಅತ್ತೆ?" ಅಂತ ನನ್ನ ಕಡೆ ತಿರುಗಿದ್ಲು.

"ಏನಾದ್ರೂ ಹೇಳೇ. ಬೆಳಿಗ್ಗೆ ಏನು ತಿಂದೆ ಅಂತ ಹೇಳು."

ಅವಳು ಕಣ್ಣೊರೆಸ್ಕೊಂಡು, ಬೆಳಿಗ್ಗೆ ತಿಂದದ್ದರಿಂದಲೇ ಶುರು ಮಾಡಿದ್ಲು.