ನೂರು ತುಂಬಿದ ಮೇಲೆ

ರಾತ್ರಿ ಎರಡೂ ಹತ್ತಕ್ಕೆ ಸ್ಟೂಲಿನ ಮೇಲಿದ್ದ ಫೋನು ಗುರ್ ಎಂದಿತು. ಒಂದು ಸಲವಾದರೆ ಕೆಲಸ ಸುಸೂತ್ರವಾಗಿ ಮುಗಿದಿದೆ ಎಂದರ್ಥ. ಕಾದೆ. ಎರಡನೆಯ ಸಲವೂ ಗುರ್ ಎಂದಿತು.

“ನಿನ್ನ ಎರಡನೇ ಅತ್ತೆ ಕರೀತಿದಾಳೆ,” ಎಂದು ಗಂಡ ಮಗ್ಗುಲು ಬದಲಿಸಿದರು.

ಅವರು ಅತ್ತೆ ಎನ್ನುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಹಳೆಯ ಕಂಪ್ಯೂಟರಿಗೆ. ಇಪ್ಪತ್ತಾರು ವರ್ಷಗಳಿಂದ ಅದರ ಪ್ರೋಗ್ರಾಮುಗಳನ್ನು ಬರೆಯುವವಳೂ ತೇಪೆ ಹಾಕುವವಳೂ ನಾನೇ. ಎಂಬತ್ತು ದಾಟಿದವರಲ್ಲಿ ಯಾರ ಯಾರ ಮನೆಗೆ ಬೆಳಗ್ಗೆ ನರ್ಸುಗಳು ಹೋಗಬೇಕು ಎಂಬ ಪಟ್ಟಿಯನ್ನು ಅದು ಪ್ರತಿ ರಾತ್ರಿ ಮಾಡುತ್ತದೆ. ಈಗ ಹೊಸ ವ್ಯವಸ್ಥೆಯೊಂದು ಅದೇ ಪಟ್ಟಿಯನ್ನು ಪಕ್ಕದಲ್ಲಿ ಕೂತು ಮಾಡುತ್ತಿದೆ. ಮೂವತ್ತು ರಾತ್ರಿ ಒಂದೇ ಸಮನೆ ಎರಡೂ ತಾಳೆಯಾದರೆ ಹಳೆಯದನ್ನು ಬಂದ್ ಮಾಡುತ್ತಾರೆ, ನನ್ನನ್ನು ಮನೆಗೆ ಕಳಿಸುತ್ತಾರೆ. ಇದು ಇಪ್ಪತ್ತೇಳನೆಯ ರಾತ್ರಿ. ವ್ಯತ್ಯಾಸ ಬಂದರೆ ಯಾವುದು ಸರಿ ಎಂದು ನಾನು ಬರೆದುಕೊಡಬೇಕು. ಹಳೆಯದು ತಪ್ಪೆಂದಾದರೆ ಎಣಿಕೆ ಹಾಗೇ ಮುಂದುವರಿಯುತ್ತದೆ, ಹೊಸದು ತಪ್ಪೆಂದಾದರೆ ಮತ್ತೆ ಒಂದರಿಂದ ಶುರು. ಹೊಸ ತಂಡದ ಗುತ್ತಿಗೆ ಈ ತಿಂಗಳಿಗೆ ಮುಗಿಯುವುದರಿಂದ ಎಲ್ಲವೂ ಮುಂದಿನ ವರ್ಷಕ್ಕೆ ಹೋಗುತ್ತದೆ.

ಒಂದು ವರ್ಷ. ಕೈನಡುಕ ಬಂದ ಮೇಲೆ ಗಂಡ ಹೊಲಿಗೆ ಅಂಗಡಿ ಮುಚ್ಚಿದ್ದಾರೆ. ನನಗೆ ಐವತ್ತಮೂರು. ಈ ಯಂತ್ರ ಬಲ್ಲವರು ಬೆರಳೆಣಿಕೆಯಷ್ಟೇ, ಹಾಗಾಗಿ ಬೇಡಿಕೆ ಜಾಸ್ತಿ ಎಂದು ಕೆಲಸ ಕೊಡಿಸುವ ಏಜೆಂಟ್ ಆಸೆ ಹುಟ್ಟಿಸಿದ್ದ. ಐದು ಕಡೆ ಹೋಗಿಬಂದೆ. ಎಲ್ಲರಿಗೂ ಬೇಕಾಗಿದ್ದವರು ಆರು ತಿಂಗಳಲ್ಲಿ ಹಳೆಯದನ್ನು ಕಳಚಿಕೊಟ್ಟು ಹೊರಟುಹೋಗುವವರು. ಗುಂಡಿ ತೋಡುವ ಕೆಲಸ, ಅದೂ ಗುತ್ತಿಗೆಯ ಮೇಲೆ. ಐದನೆಯ ಕಡೆ ಒಬ್ಬಳು ಹುಡುಗಿ ನನ್ನ ಅರ್ಜಿಯನ್ನು ತಿರುವಿಹಾಕಿ, “ಇದು ಬಿಟ್ಟು ಬೇರೇನೂ ಬರಲ್ವಾ ಆಂಟಿ?” ಎಂದು ಕೇಳಿದ್ದಳು.

ಅಡುಗೆಮನೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ವ್ಯತ್ಯಾಸ ಒಂದೇ ಹೆಸರಿನದು. ಹಾಸಿಗೆ ಹಿಡಿದ ಒಬ್ಬ ಅಜ್ಜಿ. ದಿನಾ ಬೆನ್ನಿನ ಹುಣ್ಣಿಗೆ ಡ್ರೆಸಿಂಗ್. ಹೊಸ ಪಟ್ಟಿಯಲ್ಲಿದ್ದರು, ನನ್ನದರಲ್ಲಿ ಇರಲಿಲ್ಲ. ಸದ್ಯ, ಹೊಸದು ಎಡವಿತು ಎಂದು ಎದೆ ಹಗುರಾಯಿತು. ಆಮೇಲೆ ಅಜ್ಜಿಯ ಜನ್ಮದಿನಾಂಕ ನೋಡಿದೆ. ಎರಡು ಗಂಟೆಯ ಹಿಂದೆ, ನಡುರಾತ್ರಿಗೆ, ಅವರಿಗೆ ನೂರು ತುಂಬಿತ್ತು.

ಹುಟ್ಟಿದ ವರ್ಷದ ಕೊನೆಯ ಎರಡು ಅಂಕಿಯನ್ನಷ್ಟೇ ಹಳೆಯ ಯಂತ್ರ ಇಟ್ಟುಕೊಳ್ಳುತ್ತದೆ. ಯಾವ ಶತಮಾನ ಎಂಬುದನ್ನು ಊಹಿಸಬೇಕು. ಆ ತಾರೀಖು ಈ ಶತಮಾನದಲ್ಲಿ ಇನ್ನೂ ಬಂದಿಲ್ಲವಾದರೆ ಹಿಂದಿನದು, ಬಂದಿದ್ದರೆ ಈಗಿನದು ಎಂದು ಊಹಿಸಲು ಹೇಳಿಕೊಟ್ಟವಳು ನಾನು. ನೂರು ತುಂಬುವವರ ನೆನಪೇ ಆಗ ನನಗೆ ಬಂದಿರಲಿಲ್ಲ. ಅಜ್ಜಿ ನನ್ನ ಯಂತ್ರದ ಪಾಲಿಗೆ ಎರಡು ಗಂಟೆಯ ಹಸುಗೂಸು. ಪ್ರೋಗ್ರಾಮಿನ ನೆತ್ತಿಯ ಮೇಲೆ ನನ್ನದೇ ಹೆಸರು.

ಹಳೆಯ ದಾಖಲೆಗಳನ್ನು ಕೆದಕಿದೆ. ಈವರೆಗೆ ಒಂಬತ್ತು ಜನ ನೂರು ಮುಟ್ಟಿದ್ದರು, ಈಗ ಯಾರೂ ಉಳಿದಿಲ್ಲ. ಒಂಬತ್ತು ಹೆಸರೂ ಆಯಾ ಹುಟ್ಟುಹಬ್ಬದಂದೇ ಪಟ್ಟಿಯಿಂದ ಬಿದ್ದುಹೋಗಿದ್ದವು. ಅವರಲ್ಲೊಬ್ಬರು ಆಮೇಲೆ ಮೂರು ವರ್ಷ ಬದುಕಿದ್ದರು.

ಬೆಳಗ್ಗೆ ಹಿರಿಯ ನರ್ಸನ್ನು ಹುಡುಕಿಕೊಂಡು ಹೋದೆ. ಅದೂ ಇದೂ ಮಾತಾಡುತ್ತಾ, ನೂರು ದಾಟಿದವರ ಮನೆಗೆ ಹೋದದ್ದುಂಟೇ ಎಂದು ಕೇಳಿದೆ.

“ಎಲ್ಲಿ, ಹೆಸರೇ ಬರಲ್ವಲ್ಲ,” ಎಂದರು ಆಕೆ, ಚೀಲಕ್ಕೆ ಹತ್ತಿ ತುರುಕುತ್ತಾ. “ನೂರಾದ್ಮೇಲೆ ಬೇಡ ಅಂತ ಮೇಲಿನವರದ್ದೇನೋ ನಿಯಮ ಇರ್ಬೇಕು ಅಂದ್ಕೊಂಡಿದ್ವಿ. ಒಬ್ರು ತಾತ ಇದ್ರು. ಮೊಮ್ಮಗಳು ಬಂದು ಇಲ್ಲೇ, ಈ ಬಾಗ್ಲಲ್ಲೇ ನಿಂತಿದ್ಳು ಪಾಪ. ಪಟ್ಟೀಲಿ ಇಲ್ಲಮ್ಮ, ನಾನೇನ್ ಮಾಡ್ಲಿ ಅಂದೆ.”

ಕೆಳಗೆ ಬಿದ್ದಿದ್ದ ಹತ್ತಿಯ ಉಂಡೆಯೊಂದನ್ನು ಎತ್ತಿ ಆಕೆಯ ಕೈಗೆ ಕೊಟ್ಟು ಹೊರಬಂದೆ.

ಹೊಸ ತಂಡದ ಮುಖ್ಯಸ್ಥೆ ನನ್ನ ಮೇಜಿನ ಬಳಿಯೇ ಕಾಯುತ್ತಿದ್ದಳು. ಅವಳ ಕಣ್ಣೂ ರಾತ್ರಿಯೆಲ್ಲ ಮುಚ್ಚಿದಂತಿರಲಿಲ್ಲ. ಮೂರು ಸಲ ಪರಿಶೀಲಿಸಿದರೂ ತಪ್ಪು ಸಿಗಲಿಲ್ಲ ಎಂದಳು. ತಪ್ಪಿದ್ದರಲ್ಲವೇ ಸಿಗುವುದು.

“ನಿಮ್ಮದಂತೂ ತಪ್ಪಿರಲ್ಲ ಬಿಡಿ ಮೇಡಂ, ಇಷ್ಟು ವರ್ಷ ನಡೆದಿದೆ. ನೂರರ ಮೇಲೆ ಏನಾದ್ರೂ ನಿಯಮ ಇದೆಯಾ? ನಮಗೆ ಯಾರೂ ಹೇಳಿಲ್ಲ.”

ಅವಳೇ ಹಗ್ಗ ಎಸೆದಳು. ಮುಳುಗುತ್ತಿದ್ದವಳು ಹಿಡಿದುಕೊಂಡೆ.

“ಹೌದು,” ಎಂದೆ. “ಇದೆ.”

ಅವಳು ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಸರಿಯಾಗಿದ್ದ ಲೆಕ್ಕವನ್ನು ನನ್ನ ತಪ್ಪಿಗೆ ಸರಿಯಾಗಿ ಕೆಡಿಸಲು ಎಷ್ಟು ದಿನ ಬೇಕಾದೀತೆಂದು ಬೆರಳು ಮಡಚಿ ಎಣಿಸುತ್ತಾ ಹೋದಳು. ‘ಹಳೆಯದು ಸರಿ, ಹೊಸದು ತಪ್ಪು’ ಎಂದು ಬರೆದು ಸಹಿ ಹಾಕಿದೆ. ಅಕ್ಷರ ನೆಟ್ಟಗೇ ಬಂತು.

ಆಮೇಲೆ ನರ್ಸುಗಳ ಕೋಣೆಗೆ ಮರಳಿ, ಮುದ್ರಿತ ಪಟ್ಟಿಯ ಕೊನೆಯಲ್ಲಿ ಅಜ್ಜಿಯ ಹೆಸರನ್ನೂ ವಿಳಾಸವನ್ನೂ ಪೆನ್ನಿನಲ್ಲಿ ಸೇರಿಸಿದೆ. ಹಿರಿಯ ನರ್ಸು ಆ ಕೈಬರಹವನ್ನು ನೋಡಿದರು, ನನ್ನನ್ನು ನೋಡಿದರು, ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ನಾಳೆಯೂ ಬರೆಯಬೇಕು, ನಾಡಿದ್ದೂ. ಜ್ವರ ಬಂದರೂ ರಜೆ ಹಾಕುವಂತಿಲ್ಲ. ಇನ್ನೊಬ್ಬರಿಗೆ ನೂರಾದರೆ ಅವರ ಹೆಸರನ್ನೂ. ಎಣಿಕೆ ತಪ್ಪಿ ವರ್ಷ ಸಿಕ್ಕ ಮೇಲೆ ನಿಧಾನವಾಗಿ ನಿಜ ಹೇಳಿದರಾಯಿತು ಎಂದು ಮಧ್ಯಾಹ್ನದವರೆಗೆ ನನಗೆ ನಾನೇ ಹೇಳಿಕೊಂಡೆ. ಸಂಜೆಯ ಹೊತ್ತಿಗೆ ಅದನ್ನೂ ನಂಬಲಾಗಲಿಲ್ಲ.

ಗಂಡನಿಗಾದರೂ ಹೇಳಬಹುದಿತ್ತು. ಅವರು ಬೈಯುವುದಿಲ್ಲ, ನಡುಗುವ ಕೈಯಿಂದ ತಲೆ ಸವರಿ, ನಮಗೋಸ್ಕರ ತಾನೇ ಮಾಡಿದ್ದು ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳುವುದು ನನ್ನಿಂದಾಗದು. ಮನೆಗೆ ಹೋಗುವ ಬಸ್ಸು ಬಂತು. ಅವರಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿ ಹತ್ತಿದೆ.